ಗಂಟು ಕರಗತೈತೇನ್ರಿ ಕಾಕಾ?



ನಾನು ಪಶುವೈದ್ಯ. ಕೊಲ್ಹಾಪುರದ ರಂಕಾಳ ಕೆರೆಯ ಹತ್ತಿರದ ಒಂದು ಮನೆಗೆ ಹೋಗಿದ್ದೆ. ಮನೆಯ ಹೆಣ್ಣುಮಗಳು ಬೆರಳುದ್ದದ ಕಂದು ಗಾಜಿನ ಬಾಟಲಿಯೊಂದನ್ನು ನನ್ನ ಮುಂದಿಟ್ಟಳು. ಆಕೆ ಗಡಹಿಂಗ್ಲಜದವಳು, ಚಿಕ್ಕಂದಿನಿಂದ ನನ್ನನ್ನು ಕಾಕಾ ಎಂದೇ ಕರೆದವಳು. ಹೊರಗೆ ಮರಾಠಿ, ಅಡುಗೆಮನೆಯಲ್ಲಿ ಕನ್ನಡ. ನಮ್ಮ ಗಡಿಯ ಎಷ್ಟೋ ಮನೆಗಳು ಹೀಗೇ ಇವೆ. ಅವರ ನಾಯಿ ಹನ್ನೊಂದು ವರ್ಷದ ಲ್ಯಾಬ್ರಡಾರ್. ಅದರ ಮುಂಗಾಲಿನಲ್ಲಿ, ಮಣಿಕಟ್ಟಿನ ಸ್ವಲ್ಪ ಮೇಲೆ, ಬಾವು ಬಂದಿತ್ತು. ಎಕ್ಸ್‌ರೇಯಲ್ಲಿ ಆ ಎಲುಬು ಗೆದ್ದಲು ತಿಂದ ತೊಲೆಯ ಹಾಗೆ ಕಂಡಿತು. ಸೂಜಿ ಹಾಕಿ ಪರೀಕ್ಷೆ ಮಾಡಿಸಿದಾಗ ಎಲುಬಿನ ಕ್ಯಾನ್ಸರ್ ಎಂದು ಖಾತ್ರಿಯಾಯಿತು. ಸುದ್ದಿ ಕೇಳಿ ಬೆಂಗಳೂರಿನಲ್ಲಿರುವ ಮಗ ಈ ಬಾಟಲಿ ಕಳಿಸಿದ್ದ.

"ಕಾಕಾ, ಇದನ್ನ ಹಾಕಿದ್ರ ಗಂಟು ಕರಗತೈತೇನ್ರಿ?"

"ಇಲ್ಲ ತಂಗಿ, ಕರಗೂದಿಲ್ಲ" ಎಂದೆ. ಆಕೆ ಮತ್ತೇನೂ ಕೇಳದೆ ನಾಯಿಯ ತಲೆ ಸವರುತ್ತ ಕೂತಳು. ನಾನು ಹೇಳಿದ್ದು ನಿಜವೇ. ಆದರೆ ಅಷ್ಟೇ ಹೇಳಿ ಎದ್ದು ಬಂದದ್ದು ಸರಿಯಾಗಲಿಲ್ಲ ಎಂದು ದಾರಿಯುದ್ದಕ್ಕೂ ಅನಿಸಿತು. ಅಂಥ ಬಾಟಲಿಗಳು ಈಗ ಕೊಲ್ಹಾಪುರಕ್ಕೂ ಇಚಲಕರಂಜಿಗೂ ನಮ್ಮ ಗಡಹಿಂಗ್ಲಜದ ಓಣಿಗಳಿಗೂ ಬರುತ್ತಿವೆ. ಅವತ್ತು ಆಕೆಗೆ ಹೇಳದೆ ಉಳಿದದ್ದನ್ನು ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

ಬಾಟಲಿಯಲ್ಲಿದ್ದದ್ದು ಕ್ಯಾನಬಿಡಿಯಾಲ್, ಚಿಕ್ಕದಾಗಿ ಸಿಬಿಡಿ. ಭಂಗಿ ಗಿಡದ ಸಾರ. ಈ ಗಿಡ ನಮಗೆ ಹೊಸದಲ್ಲ. ಗಾಂಜಾ, ಭಂಗಿ, ಚರಸ್ಸುಗಳ ವಿಚಾರಣೆಗೆಂದು ಬ್ರಿಟಿಷ್ ಸರಕಾರ 1893ರಲ್ಲಿ ಒಂದು ಆಯೋಗ ನೇಮಿಸಿತ್ತು. ಅದು ದೇಶದ ತುಂಬ ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಮಾತು ಕೇಳಿ 1894ರಲ್ಲಿ ವರದಿ ಒಪ್ಪಿಸಿತು. ಜನ ಈ ಗಿಡವನ್ನು ದನಗಳ ಮದ್ದಿಗೂ ಬಳಸುತ್ತಾರೆ ಎಂಬುದು ಆ ವರದಿಯಲ್ಲಿ ದಾಖಲಾಗಿದೆ. ದಣಿದ ಎತ್ತಿಗೆ, ಹೊಟ್ಟೆ ಕೆಟ್ಟ ದನಕ್ಕೆ ಸೊಪ್ಪು ಅರೆದು ಕುಡಿಸುವ ರೂಢಿ ಬಹಳ ಹಿಂದಿನದು.

ಹೊಸದು ಆ ಸೊಪ್ಪಿನೊಳಗಿನ ಅಂಶಗಳನ್ನು ಬೇರೆ ಬೇರೆ ಮಾಡಿ ನೋಡುವ ವಿದ್ಯೆ. 1940ರಲ್ಲಿ ಅಮೆರಿಕದ ರೋಜರ್ ಆಡಮ್ಸ್ ಸಿಬಿಡಿಯನ್ನು ಬೇರ್ಪಡಿಸಿದರು. 1963ರಲ್ಲಿ ಇಸ್ರೇಲಿನ ರಾಫೆಲ್ ಮೆಶೂಲಮ್ ಅದರ ರಚನೆ ಬಿಡಿಸಿದರು. ಮರುವರ್ಷ ಅವರೂ ಅವರ ಜೊತೆಗಾರ ಯೆಹಿಯೆಲ್ ಗಾವೋನಿಯೂ ಅಮಲು ತರುವ ಇನ್ನೊಂದು ಅಂಶವನ್ನು ತೋರಿಸಿಕೊಟ್ಟರು. ಅದು ಟಿಎಚ್‌ಸಿ. ಆ ಅಂಶ ಹೋಗಿ ಕೂಡುವ ತಾಣಗಳು ಪ್ರಾಣಿಗಳ ಮೆದುಳಿನಲ್ಲಿ ಮೊದಲೇ ಇವೆ. ಹಾಗಾದರೆ ಆ ತಾಣಕ್ಕೆಂದು ಮೈಯೇ ತಯಾರಿಸುವ ರಸ ಯಾವುದು ಎಂದು ಹುಡುಕಿದಾಗ, 1992ರಲ್ಲಿ ಹಂದಿಯ ಮೆದುಳಿನಲ್ಲಿ ಒಂದು ಸಿಕ್ಕಿತು. ಅದಕ್ಕೆ ಸಂಸ್ಕೃತದ ಆನಂದ ಎಂಬ ಮಾತಿನಿಂದಲೇ ಆನಂದಮೈಡ್ ಎಂದು ಹೆಸರಿಟ್ಟರು. ಪ್ರಾಣಿಗೂ ಆನಂದವುಂಟು ಎಂದು ವಿಜ್ಞಾನ ತನ್ನ ಕಡತದಲ್ಲೇ ಬರೆದುಕೊಂಡ ಹಾಗೆ ನನಗೆ ಅನಿಸುತ್ತದೆ.

ನಾಯಿಯ ಹಿಂಮೆದುಳಿನಲ್ಲಿ ಈ ತಾಣಗಳು ಬಹಳ ದಟ್ಟವಾಗಿವೆ. ಶಿವರಾತ್ರಿಯ ಮರುದಿನ ಭಂಗಿ ಬೆರೆಸಿದ ಥಂಡಾಯಿಯ ಪಾತ್ರೆ ನೆಕ್ಕಿದ ನಾಯಿಗಳನ್ನು ನಾನು ನೋಡಿದ್ದೇನೆ. ನಿಂತಲ್ಲೇ ತೂಗುತ್ತವೆ, ಕಾಲು ತೊಡರುತ್ತವೆ, ಅರಿವಿಲ್ಲದೆ ಉಚ್ಚೆ ಹೊಯ್ದುಕೊಳ್ಳುತ್ತವೆ, ಸಣ್ಣ ಸದ್ದಿಗೂ ಬೆಚ್ಚುತ್ತವೆ. ಅದು ಟಿಎಚ್‌ಸಿಯ ಕೆಲಸ. ಸಿಬಿಡಿಗೆ ಆ ಅಮಲಿಲ್ಲ. ಹೀಗಾಗಿ ಬಾಟಲಿಯೊಳಗೆ ಸಿಬಿಡಿ ಎಷ್ಟಿದೆ ಎಂಬುದರಷ್ಟೇ ಟಿಎಚ್‌ಸಿ ಎಷ್ಟಿದೆ ಎಂಬುದೂ ಮುಖ್ಯ.

ಈಗ ನೋವಿನ ಮಾತು. 2018ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಶುವೈದ್ಯರು ಕೀಲುನೋವಿನ ನಾಯಿಗಳಿಗೆ ಮೈತೂಕದ ಒಂದು ಕಿಲೋಗೆ 2 ಮಿಲಿಗ್ರಾಂನಂತೆ ದಿನಕ್ಕೆ ಎರಡು ಹೊತ್ತು ಸಿಬಿಡಿ ಎಣ್ಣೆ ಕೊಟ್ಟು ನೋಡಿದರು. ನೋವು ಇಳಿಯಿತು, ಓಡಾಟ ಹೆಚ್ಚಿತು. ಮರುವರ್ಷ ಕೊಲರಾಡೊದಲ್ಲಿ ಮೂರ್ಛೆರೋಗದ ನಾಯಿಗಳಿಗೆ ಕೊಟ್ಟಾಗ ಮೂರ್ಛೆ ಬರುವುದು ಕಡಿಮೆಯಾಯಿತು. ಕ್ಯಾನ್ಸರಿನ ವಿಷಯಕ್ಕೆ ಬಂದರೆ, ನಾಯಿಯ ಗಂಟುಗಳಿಂದ ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಸಿಬಿಡಿ ಹಾಕಿದಾಗ ಅವು ಸತ್ತದ್ದುಂಟು. ಆದರೆ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಕೊಲ್ಲುವ ವಸ್ತುಗಳು ಬಹಳ ಇವೆ. ತಟ್ಟೆಯಿಂದ ನಾಯಿಯ ಮೈಗೆ ಬರುವ ದಾರಿ ದೊಡ್ಡದು, ಅದನ್ನು ಸಿಬಿಡಿ ಇನ್ನೂ ನಡೆದು ಮುಗಿಸಿಲ್ಲ. ನಾಯಿಯ ಮೈಯಲ್ಲಿನ ಗಂಟನ್ನು ಈ ಎಣ್ಣೆ ಕರಗಿಸಿತು ಎಂದು ನಿಮ್ಮ ಮುಂದೆ ಹೇಳಬಲ್ಲ ಪುರಾವೆ ನನ್ನ ಕೈಯಲ್ಲಿಲ್ಲ. ಕೀಲಿನ ನೋವು ಇಳಿಸಿದ ಪುರಾವೆ ಇದೆ. ಕರಗುವ ಆಸೆಯಿಂದ ಕೊಡುವುದು ಬೇರೆ, ನರಳಾಟ ಕಡಿಮೆಯಾಗಲಿ ಎಂದು ಕೊಡುವುದು ಬೇರೆ.

ಇನ್ನು ಆ ಬಾಟಲಿಯ ಲೆಕ್ಕ ಮಾಡೋಣ. ಮೂವತ್ತು ಮಿಲಿಲೀಟರಿನ ಬಾಟಲಿ, ಒಟ್ಟು 300 ಮಿಲಿಗ್ರಾಂ ಸಿಬಿಡಿ ಎಂದು ಚೀಟಿಯ ಮೇಲಿತ್ತು. ಹೊತ್ತಿಗೆ ಐದು ಹನಿ ಎಂದು ಬರೆದಿತ್ತು. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ ಹಿಡಿದರೆ ಐದು ಹನಿಯಲ್ಲಿ ಸಿಗುವುದು ಎರಡೂವರೆ ಮಿಲಿಗ್ರಾಂ. ಕೊಲ್ಹಾಪುರದ ಆ ನಾಯಿ ಮೂವತ್ತು ಕಿಲೋ ತೂಗುತ್ತಿತ್ತು. ಕಾರ್ನೆಲ್ಲಿನವರ ಪ್ರಮಾಣದಲ್ಲಿ ಅದಕ್ಕೆ ಒಂದು ಹೊತ್ತಿಗೆ 60 ಮಿಲಿಗ್ರಾಂ ಬೇಕು. ಹಾಗೆ ಕೊಟ್ಟರೆ ಆ ಬಾಟಲಿ ಎರಡೂವರೆ ದಿನಕ್ಕೆ ಮುಗಿಯುತ್ತದೆ. ಐದೇ ಹನಿ ಹಾಕಿದ್ದರೆ ಮನೆಯವರು ನಾಯಿಗೆ ಸಿಬಿಡಿ ಕೊಡುತ್ತಿದ್ದೇವೆ ಎಂದುಕೊಳ್ಳುತ್ತಿದ್ದರು. ನಿಜಕ್ಕೂ ಅದಕ್ಕೆ ಸಿಗುತ್ತಿದ್ದದ್ದು ಒಂದು ಚೂರು ಎಣ್ಣೆ. ಹಾಗೆಂದು ಈ ಮಾತು ಕೇಳಿ ಮನೆಯಲ್ಲೇ ಹನಿ ಏರಿಸಬೇಡಿ. ಬಾಟಲಿಯಲ್ಲಿ ಟಿಎಚ್‌ಸಿ ಬೆರೆತಿದ್ದರೆ ಅದೂ ಅಷ್ಟೇ ಪಟ್ಟು ಏರುತ್ತದೆ. 2017ರಲ್ಲಿ ಅಮೆರಿಕದಲ್ಲಿ ಮನುಷ್ಯರಿಗೆಂದು ಮಾರುವ 84 ಸಿಬಿಡಿ ಸರಕುಗಳನ್ನು ತರಿಸಿ ಪರೀಕ್ಷಿಸಿದಾಗ, ಚೀಟಿಯಲ್ಲಿ ಬರೆದಷ್ಟೇ ಸಿಬಿಡಿ ಇದ್ದದ್ದು 26ರಲ್ಲಿ ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತು.

ಇನ್ನೊಂದು ಗೊಂದಲವಿದೆ. ಭಂಗಿ ಬೀಜದ ಎಣ್ಣೆ ಎಂದು ಬೇರೊಂದು ಬಾಟಲಿ ಬರುತ್ತದೆ. ಬೀಜ ಮತ್ತು ಬೀಜದ ಎಣ್ಣೆಯನ್ನು ಆಹಾರವಾಗಿ ಮಾರಲು 2021ರಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಒಪ್ಪಿಗೆ ಕೊಟ್ಟಿದೆ. ಅದು ಎಳ್ಳೆಣ್ಣೆ, ಅಗಸಿ ಎಣ್ಣೆಯಂಥ ತಿನ್ನುವ ಎಣ್ಣೆ, ಅದರಲ್ಲಿ ಸಿಬಿಡಿ ಇಲ್ಲವೆಂದೇ ಹೇಳಬೇಕು. ಸಿಬಿಡಿ ಸಿಗುವುದು ಎಲೆ, ಹೂಗಳಲ್ಲಿ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಹೂ ಬಿಟ್ಟ ತುದಿಯನ್ನು ಗಾಂಜಾ ಎಂದು ಕರೆದು ಕಟ್ಟಿಹಾಕಿದೆ. ತುದಿಯಿಲ್ಲದ ಎಲೆ ಮತ್ತು ಬೀಜ ಆ ವ್ಯಾಖ್ಯೆಯ ಹೊರಗಿವೆ. ಆ ಎಲೆಯ ಸಾರವನ್ನೇ ಆಯುರ್ವೇದದ ಪರವಾನಗಿಯಲ್ಲಿ ವಿಜಯಾ ಎಂಬ ಹೆಸರಿನಿಂದ ತಯಾರಿಸುತ್ತಾರೆ, ಅದನ್ನು ವೈದ್ಯರ ಉಸ್ತುವಾರಿಯಲ್ಲೇ ಕೊಡಬೇಕು. ಬಾಟಲಿ ಕೊಳ್ಳುವ ಮುಂಚೆ ಪರವಾನಗಿ ಸಂಖ್ಯೆ ಇದೆಯೇ, ಆ ಬ್ಯಾಚಿನ ಪರೀಕ್ಷಾ ವರದಿ ಸಿಗುತ್ತದೆಯೇ ಎಂದು ಕೇಳಿ.

ಹೈನದ ಹಸು ಎಮ್ಮೆಗೆ ಮಾತ್ರ ಇದನ್ನು ಹಾಕಲೇಬೇಡಿ. ಭಂಗಿ ಜಾತಿಯ ಮೇವು ತಿಂದ ಹಸುವಿನ ಹಾಲಿಗೆ ಆ ಅಂಶಗಳು ಇಳಿಯುತ್ತವೆ ಎಂದು 2022ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದ್ದಾರೆ. ನಮ್ಮ ಜಿಲ್ಲೆಯ ಹಾಲು ಕ್ಯಾನಿನಲ್ಲಿ ಡೇರಿಗೆ ಹೋಗಿ ಎಷ್ಟು ದೂರದ ಮಕ್ಕಳ ಲೋಟ ಸೇರುತ್ತದೆಂಬುದು ನಿಮಗೆ ಗೊತ್ತಿದೆ.

ಜನ ಈ ಬಾಟಲಿಯ ಕಡೆಗೆ ಯಾಕೆ ಹೋಗುತ್ತಾರೆ? ಅದನ್ನು ಮೂಢನಂಬಿಕೆ ಎಂದು ತಳ್ಳಿಬಿಡಲು ನನಗೆ ಮನಸ್ಸಿಲ್ಲ. ನಮ್ಮ ವೃತ್ತಿ ಪ್ರಾಣಿಯ ನೋವನ್ನು ಬಹಳ ವರ್ಷ ಹಗುರಾಗಿ ತೆಗೆದುಕೊಂಡಿತು. ನಾಯಿ ನೋವನ್ನು ಅಡಗಿಸುತ್ತದೆ, ಎತ್ತು ಅದಕ್ಕಿಂತ ಹೆಚ್ಚು ಅಡಗಿಸುತ್ತದೆ. ಮೇವು ತಿನ್ನುತ್ತಿದೆಯಲ್ಲ, ನೋವಿಲ್ಲ ಬಿಡು ಎಂದು ನಾನೇ ಎಷ್ಟು ಸಲ ಅಂದಿದ್ದೇನೆ. ಗಟ್ಟಿ ನೋವುನಿವಾರಕಗಳು ಹಳ್ಳಿಯ ಪಶುವೈದ್ಯನ ಚೀಲಕ್ಕೆ ಸುಲಭವಾಗಿ ಬರುವುದೂ ಇಲ್ಲ. ಟ್ರಮಡಾಲ್ ಕೂಡ 2018ರಿಂದ ಎನ್‌ಡಿಪಿಎಸ್ ಹಿಡಿತದಲ್ಲಿದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ರಣಹದ್ದುಗಳನ್ನು ಕೊಲ್ಲುತ್ತದೆಂದು 2006ರಲ್ಲಿ ನಿಂತಿತು, ಅದು ನಿಂತದ್ದು ಒಳ್ಳೆಯದೇ. ಅದರ ಜಾಗಕ್ಕೆ ಮೆಲಾಕ್ಸಿಕಾಮ್ ಬಂತು. ರಾತ್ರಿಯೆಲ್ಲ ಮುಲುಗುವ ನಾಯಿಯ ಪಕ್ಕದಲ್ಲಿ ಕೂತವರು ಏನಾದರೂ ಒಂದು ಹನಿ ಹಾಕೋಣ ಎಂದುಕೊಂಡರೆ ತಪ್ಪು ಅವರದಲ್ಲ. ಆದರೆ ಮನೆಯ ಡಬ್ಬಿಯಲ್ಲಿರುವ ಐಬುಪ್ರೊಫೆನ್ ಗುಳಿಗೆಯನ್ನು ನಾಯಿಗೂ ಪ್ಯಾರಾಸಿಟಮಾಲನ್ನು ಬೆಕ್ಕಿಗೂ ಕೊಡಬೇಡಿ, ಅವು ಜೀವ ತೆಗೆಯುತ್ತವೆ.

ನನ್ನ ನಿಜವಾದ ಚಿಂತೆ ಎಣ್ಣೆ ಹಾಕುತ್ತ ಕಳೆದುಹೋಗುವ ದಿನಗಳದು. ಅದನ್ನು ನಾಯಿಗಿಂತ ಎತ್ತು ನನಗೆ ಚೆನ್ನಾಗಿ ಕಲಿಸಿತು.

ಗಡಹಿಂಗ್ಲಜದಿಂದ ಹಿರಣ್ಯಕೇಶಿಯ ಗುಂಟ ಸಂಕೇಶ್ವರದ ಕಡೆಗಿರುವ ಹಳ್ಳಿಗಳಲ್ಲಿ ಕೋಡಿನ ಕ್ಯಾನ್ಸರ್ ಕಾಣದ ಪಶುವೈದ್ಯನಿಲ್ಲ. ಇದು ಹೆಚ್ಚಾಗಿ ನಮ್ಮ ದೇಶದ, ಇಣಿಯಿರುವ, ಉದ್ದ ಕೋಡಿನ ತಳಿಗಳ ರೋಗ. ಬೀಜ ಒಡೆಸಿದ ಎತ್ತುಗಳಿಗೆ ಬರುವುದು ಹೆಚ್ಚು, ಅದೂ ದುಡಿಯುವ ವಯಸ್ಸಿನಲ್ಲಿ, ಐದರಿಂದ ಹತ್ತು ವರ್ಷದೊಳಗೆ. ಕೋಡಿನೊಳಗೆ ಎಲುಬಿನ ತಿರುಳಿದೆ, ಆ ತಿರುಳು ಟೊಳ್ಳು, ಟೊಳ್ಳು ಹಣೆಯೊಳಗಿನ ಗಾಳಿಗೂಡಿಗೆ ಕೂಡಿದೆ. ಹೀಗಾಗಿ ಕೋಡಿನೊಳಗೆ ರೋಗ ಹುಟ್ಟಿದರೆ ರಕ್ತ ಮೂಗಿನಲ್ಲಿ ಇಳಿಯುತ್ತದೆ, ಅದೂ ಆ ಬದಿಯ ಹೊರಳೆಯಲ್ಲಿ ಮಾತ್ರ. ಎತ್ತು ತಲೆ ಕೊಡವುತ್ತದೆ, ಕೋಡನ್ನು ಗೂಟಕ್ಕೆ ತಿಕ್ಕುತ್ತದೆ, ತಲೆಯನ್ನು ಒಂದು ಬದಿಗೆ ವಾಲಿಸಿ ನಿಲ್ಲುತ್ತದೆ. ಮುಂದೆ ಕೋಡು ಸಡಿಲಾಗಿ ಬಾಗುತ್ತದೆ, ಕೊನೆಗೆ ಬುಡದಲ್ಲಿ ಹೂಕೋಸಿನಂತೆ ಮಾಂಸ ಹೊರಬಂದು ಹುಳ ಬೀಳುತ್ತದೆ. ನೊಗದ ತಿಕ್ಕಾಟ, ಬಿಸಿಲು, ಪ್ರತಿ ವರ್ಷ ಕೋಡು ಹೆರೆದು ಬಣ್ಣ ಬಳಿಯುವುದು, ಹೋರಿಯ ರಸ ಮೈಯಲ್ಲಿ ಇಲ್ಲದಿರುವುದು, ಹೀಗೆ ಹಲವು ಕಾರಣಗಳ ಮೇಲೆ ತಿಳಿದವರ ಅನುಮಾನವಿದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ರೈತರು ಖಿಲ್ಲಾರಿ ಎತ್ತೊಂದನ್ನು ಹಿಡಿದು ತಂದರು. "ಸಾಹೇಬ್ರ, ಗೂಟಕ್ಕ ಕೋಡ ತಿಕ್ಕಾಕತ್ತೈತ್ರಿ, ನಿನ್ನಿ ಮೂಗಿನ್ಯಾಗ ಒಂದೀಟ ರಗತ ಬಂತ್ರಿ" ಎಂದರು. ನಾನು ಮೂಗು ನೋಡಿದೆ, ಜಿಗಣೆ ಇರಬೇಕು ಎಂದುಕೊಂಡು ಅದಕ್ಕೆ ಮದ್ದು ಕೊಟ್ಟೆ. ಕೋಡಿನ ಬುಡ ಮುಟ್ಟಲಿಲ್ಲ. ಅವರು ಮತ್ತೆ ಬಂದದ್ದು ಒಂದೂವರೆ ತಿಂಗಳ ಮೇಲೆ. ಅಷ್ಟರಲ್ಲಿ ಕೋಡು ತೂಗಾಡುತ್ತಿತ್ತು. ಕೊಯ್ದೆ, ಆದರೆ ಬೇರು ಹಣೆಯೊಳಗೆ ಹೋಗಿತ್ತು. ಆ ಎತ್ತು ಉಳಿಯಲಿಲ್ಲ, ಜೋಡಿಯ ಇನ್ನೊಂದು ಎತ್ತನ್ನು ಅವರು ವಡಗಾಂವದ ಪೇಟೆಗೆ ಹೊಡೆದುಕೊಂಡು ಹೋಗಬೇಕಾಯಿತು. ಆ ಒಂದೂವರೆ ತಿಂಗಳು ನನ್ನ ತಪ್ಪು. ಅದಾದ ಮೇಲೆ ಯಾವ ಎತ್ತು ಬಂದರೂ, ಹೊಟ್ಟೆಯುಬ್ಬರಕ್ಕೆ ಬಂದದ್ದಾದರೂ ಸರಿ, ಎರಡೂ ಕೋಡಿನ ಬುಡ ಹಿಡಿದು ನೋಡದೆ ಕಳಿಸಿಲ್ಲ.

ಬೇಗ ಸಿಕ್ಕರೆ ಇದೇ ರೋಗಕ್ಕೆ ಉಪಾಯವಿದೆ. ಕೋಡಿನ ನರಕ್ಕೆ ಮರಗಟ್ಟಿಸುವ ಸೂಜಿ ಹಾಕಿ, ತಂತಿ ಗರಗಸದಿಂದ ಬುಡದಲ್ಲೇ ಕತ್ತರಿಸಿ, ಚರ್ಮವನ್ನು ಎರಡೂ ಬದಿಯಿಂದ ಎಳೆದು ಹೊಲಿಯುತ್ತೇವೆ. ಆಮೇಲೆ ಮೆಲಾಕ್ಸಿಕಾಮ್, ಮತ್ತು ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್. ಒಂದು ಕೋಡಿನ ಎತ್ತು ಮತ್ತೆ ನೊಗಕ್ಕೆ ಹೆಗಲು ಕೊಡುತ್ತದೆ. ನಮ್ಮಲ್ಲಿ ಕಾರಹುಣ್ಣಿಮೆ ಅಥವಾ ಮರಾಠಿ ನೆರೆಯವರು ಹೇಳುವ ಕರ್ನಾಟಕೀ ಬೆಂದೂರ ಬಂದಾಗ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಅಣಸು ಹಾಕಿ ಮೆರೆಸುತ್ತೇವೆ. ವರ್ಷಕ್ಕೊಮ್ಮೆ ಮನೆಯವರ ಕೈ ಕೋಡಿನ ಬುಡದ ತನಕ ಹೋಗುವ ದಿನ ಅದು. ಬಣ್ಣದ ಮುಂಚೆ ಎರಡೂ ಬುಡಗಳನ್ನು ಅಂಗೈಯಲ್ಲಿ ಹಿಡಿದು ನೋಡಿ. ಒಂದು ಇನ್ನೊಂದಕ್ಕಿಂತ ಬಿಸಿಯಿದ್ದರೆ, ಒತ್ತಿದಾಗ ಎತ್ತು ತಲೆ ಕಿತ್ತುಕೊಂಡರೆ, ಹಬ್ಬ ಮುಗಿಯುವ ತನಕ ಕಾಯಬೇಡಿ.

ವಿನ್‌ಕ್ರಿಸ್ಟಿನ್ ಎಂದೆನಲ್ಲ, ಅದೂ ಗಿಡದ ಮದ್ದೇ. ನಮ್ಮ ಅಂಗಳದಲ್ಲಿ ಯಾರ ಆರೈಕೆಯೂ ಇಲ್ಲದೆ ವರ್ಷವಿಡೀ ಹೂಬಿಡುವ ಕಾಶಿಕಣಗಿಲೆಯಲ್ಲಿ ಅದಿದೆ. ಸದಾಪುಷ್ಪ ಎಂದರೂ ಅದೇ, ಮರಾಠಿಯ ಸದಾಫುಲಿಯೂ ಅದೇ. ಮಡಗಾಸ್ಕರಿನಿಂದ ಬಂದ ಗಿಡ. ಸಕ್ಕರೆ ಕಾಯಿಲೆಗೆ ಇದರ ಎಲೆ ಒಳ್ಳೆಯದೆಂಬ ಮಾತು ಕೇಳಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಪರೀಕ್ಷೆಗೆ ಇಳಿದರು. ಸಕ್ಕರೆ ಇಳಿಯಲಿಲ್ಲ, ರಕ್ತದ ಬಿಳಿ ಕಣಗಳು ಇಳಿದವು. ಆ ಎಳೆ ಹಿಡಿದು ಹೋದದ್ದರಿಂದ ಕ್ಯಾನ್ಸರಿನ ಎರಡು ದೊಡ್ಡ ಔಷಧಿಗಳು ಬಂದವು, ವಿನ್‌ಕ್ರಿಸ್ಟಿನ್ 1963ರಲ್ಲಿ ಬಳಕೆಗೆ ಬಂತು. ಹಾಗೆಂದು ಎಲೆ ಕಿತ್ತು ಅರೆದು ಕುಡಿಸಿದರೆ ವಿಷವಾಗುತ್ತದೆ. ನೂರಾರು ಕಿಲೋ ಒಣ ಎಲೆಯಿಂದ ಒಂದೇ ಗ್ರಾಂ ತೆಗೆದು, ಅದನ್ನು ಮಿಲಿಗ್ರಾಮಿನ ಲೆಕ್ಕದಲ್ಲಿ ರಕ್ತನಾಳದೊಳಗೇ ಕೊಡಬೇಕು. ಒಂದು ಹನಿ ರಕ್ತನಾಳದ ಹೊರಗೆ ಸೋರಿದರೂ ಮಾಂಸ ಸುಟ್ಟುಹೋಗುತ್ತದೆ. ಗಿಡದ ಮದ್ದು ಎಂಬ ಕಾರಣಕ್ಕೆ ನಾನು ಸಿಬಿಡಿಯನ್ನು ಕಡೆಗಣಿಸುತ್ತಿಲ್ಲ ಎಂದು ಹೇಳಲು ಈ ಕಾಶಿಕಣಗಿಲೆಯ ಕತೆ ಹೇಳಿದೆ. ಅದು ಹಾದು ಬಂದ ಪರೀಕ್ಷೆಗಳನ್ನು ಭಂಗಿಯೂ ಹಾದು ಬರಲಿ, ನಾನೇ ಮೊದಲು ಬರೆದುಕೊಡುತ್ತೇನೆ.

ಇಚಲಕರಂಜಿಯ ಯಂತ್ರಮಗ್ಗದ ಶೆಡ್ಡೊಂದರ ಬಾಗಿಲಲ್ಲಿ ಬೀದಿನಾಯಿಯೊಂದಿತ್ತು. ರಾತ್ರಿ ಪಾಳಿಯ ಹುಡುಗರು ಚಹಾದ ಜೊತೆ ಅದಕ್ಕೂ ಬಿಸ್ಕೀಟು ಹಾಕುತ್ತಿದ್ದರು. ಅದರ ಮೂತ್ರದ್ವಾರದಲ್ಲಿ ಗಂಟು ಒಡೆದು ರಕ್ತ ತೊಟ್ಟಿಕ್ಕತೊಡಗಿತು. ಹುಡುಗರು ಪಗಾರದಲ್ಲಿ ಪಟ್ಟಿ ಎತ್ತಿ, ಫೋನಿನಲ್ಲಿ ತರಿಸಿದ್ದು ಅದೇ ಕಂದು ಬಾಟಲಿ. ತಿಂಗಳು ಹಾಕಿದರು, ಗಂಟು ಬೆಳೆಯಿತು. ನಾನು ನೋಡಿದ ಕೂಡಲೇ ಗುರುತು ಹತ್ತಿತು. ನಾಯಿಯಿಂದ ನಾಯಿಗೆ, ಕೂಡುವಾಗ, ನೆಕ್ಕುವಾಗ, ಕ್ಯಾನ್ಸರಿನ ಕೋಶವೇ ದಾಟಿ ಹೋಗಿ ಬೇರೂರುವ ವಿಚಿತ್ರ ರೋಗ ಅದು. ಸಾವಿರಾರು ವರ್ಷದ ಹಿಂದೆ ಯಾವುದೋ ಒಂದು ನಾಯಿಯ ಮೈಯಲ್ಲಿ ಹುಟ್ಟಿದ ಗಂಟು ಆ ನಾಯಿ ಸತ್ತರೂ ಸಾಯದೆ ಇವತ್ತಿಗೂ ಲೋಕದ ಬೀದಿಗಳಲ್ಲಿ ಬದುಕಿದೆ. ಕೇಳಲು ಭಯವಾಗುತ್ತದೆ, ಆದರೆ ವಾಸಿಯಾಗುವ ಕ್ಯಾನ್ಸರುಗಳಲ್ಲಿ ಇದು ಮೊದಲ ಸಾಲಿನದು. ವಾರಕ್ಕೊಂದು ವಿನ್‌ಕ್ರಿಸ್ಟಿನ್, ನಾಲ್ಕರಿಂದ ಆರು ವಾರ. ಆ ನಾಯಿಗೆ ಐದು ಸಾಕಾದವು. ಹುಡುಗರು ಬಾಟಲಿಗೆ ಕೊಟ್ಟ ದುಡ್ಡಿನಲ್ಲಿ ಐದೂ ಇಂಜೆಕ್ಷನ್ ಬಂದು ಮತ್ತೂ ಮಿಗುತ್ತಿತ್ತು. ಅವರ ಅಂತಃಕರಣ ದೊಡ್ಡದು. ಯಾರನ್ನು ಮೊದಲು ಕೇಳಬೇಕೆಂದು ಅವರಿಗೆ ಹೇಳಿದವರಿರಲಿಲ್ಲ.

ಕೊಲ್ಹಾಪುರದ ಆ ನಾಯಿಯ ವಿಷಯಕ್ಕೆ ಬರುತ್ತೇನೆ. ಎರಡು ದಿನ ಬಿಟ್ಟು ನಾನೇ ಮತ್ತೆ ಅವರ ಮನೆಗೆ ಹೋದೆ. ಎಲುಬಿನ ಕ್ಯಾನ್ಸರಿಗೆ ಕಾಲು ತೆಗೆದು, ಜೊತೆಗೆ ಔಷಧಿ ನಡೆಸಿದರೆ ನಾಯಿಗೆ ಹೆಚ್ಚುಕಡಿಮೆ ಒಂದು ವರ್ಷ ಸಿಗಬಹುದು, ಅಷ್ಟರಲ್ಲಿ ರೋಗ ಪುಪ್ಪುಸಕ್ಕೆ ಹಬ್ಬುವುದೇ ಹೆಚ್ಚು ಎಂದು ಬಿಡಿಸಿ ಹೇಳಿದೆ. ಶಿರವಳದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗುವ ದಾರಿಯನ್ನೂ ಹೇಳಿದೆ. ವಯಸ್ಸಾದ, ಹಿಂಗಾಲಿನ ಕೀಲು ಮೊದಲೇ ಸೋತ ನಾಯಿಯ ಮುಂಗಾಲು ತೆಗೆಯಲು ಮನೆಯವರು ಒಪ್ಪಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಮೆಲಾಕ್ಸಿಕಾಮ್, ಗ್ಯಾಬಪೆಂಟಿನ್ ಬರೆದೆ. ಆಮೇಲೆ ಆಕೆಯೇ ಮೆಲ್ಲಗೆ ಬಾಟಲಿ ಮುಂದಿಟ್ಟಳು. ಈ ಸಲ ನಾನು ಇಲ್ಲ ಎನ್ನಲಿಲ್ಲ. ಪರೀಕ್ಷಾ ವರದಿಯಿರುವ, ಇದಕ್ಕಿಂತ ಗಟ್ಟಿಯಾದ ಎಣ್ಣೆ ತರಿಸಿ, ಮೊದಲು ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ, ಸಣ್ಣ ಪ್ರಮಾಣದಿಂದ ಏರಿಸುತ್ತ ಹೋದೆವು. ಇಲ್ಲೊಂದು ಸೂಕ್ಷ್ಮವಿದೆ. ಸಿಬಿಡಿ ಕೊಟ್ಟ ನಾಯಿಗಳ ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಏರುತ್ತದೆ. ಎಲುಬಿನ ಕ್ಯಾನ್ಸರಿನಲ್ಲಿ ರೋಗದ ಜೋರು ಅಳೆಯಲು ನಾವು ನೋಡುವುದೂ ಅದನ್ನೇ. ಎಣ್ಣೆ ಹಾಕುವುದನ್ನು ಮುಚ್ಚಿಟ್ಟರೆ ವೈದ್ಯನು ರೋಗ ಏರಿತೆಂದು ತಪ್ಪು ಓದುತ್ತಾನೆ. ಬೇರೆ ಔಷಧಿಗಳನ್ನು ಕರಗಿಸುವ ಯಕೃತ್ತಿನ ಕಿಣ್ವಗಳನ್ನೂ ಸಿಬಿಡಿ ತಡೆಯುತ್ತದೆ, ಹೀಗಾಗಿ ವಿನ್‌ಕ್ರಿಸ್ಟಿನ್ ನಡೆಯುತ್ತಿರುವ ನಾಯಿಗೆ ಹೇಳದೆ ಎಣ್ಣೆ ಹಾಕಿದರೆ ಔಷಧಿ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ವಿಷವಾಗುವ ಭಯವಿದೆ. ಹಾಕಿ, ಹಾಕಬೇಡಿ ಎಂಬುದಕ್ಕಿಂತ ಮೊದಲು, ನಮ್ಮಿಂದ ಮುಚ್ಚಿಡಬೇಡಿ.

ಆಕೆ ಒಂದು ವಹಿ ಇಟ್ಟಳು. ರಾತ್ರಿ ನಿದ್ದೆ, ಬೆಳಗಿನ ಊಟ, ಬಾಗಿಲ ತನಕ ತಾನಾಗಿ ನಡೆಯಿತೇ, ಎಂದು ಮೂರು ಮನೆ ಹಾಕಿ ದಿನಾ ಬರೆದಳು. ಎರಡನೆಯ ವಾರದಿಂದ ರಾತ್ರಿಯ ಮುಲುಗಾಟ ಕಡಿಮೆಯಾಯಿತು. ಗುಳಿಗೆಯಿಂದಲೋ ಎಣ್ಣೆಯಿಂದಲೋ, ಎರಡರಿಂದಲೋ, ಒಂದೇ ನಾಯಿಯನ್ನು ನೋಡಿ ಹೇಳಲಾರೆ. ಬಾವು ಮಾತ್ರ ಬೆಳೆಯುತ್ತಲೇ ಇತ್ತು, ಅದನ್ನೂ ಆಕೆ ದಾರ ಸುತ್ತಿ ಅಳೆದು ಬರೆದಿದ್ದಳು. ಹತ್ತನೆಯ ವಾರ ಮೂರು ದಿನ ಮೂರೂ ಮನೆ ಖಾಲಿ ಬಿದ್ದವು. ಮೊದಲೇ ಮಾತಾಗಿತ್ತು. ಫೋನ್ ಬಂತು, ಹೋದೆ. ಮನೆಯಲ್ಲೇ, ಅದರ ಹಾಸಿಗೆಯ ಮೇಲೇ, ಮಗನೂ ಬಂದು ತಲೆ ಹಿಡಿದು ಕೂತಿದ್ದಾಗ, ನೋವಿಲ್ಲದ ಹಾಗೆ ಕಳಿಸಿಕೊಟ್ಟೆವು.

ತಿಂಗಳ ಮೇಲೆ ಆಕೆ ಮತ್ತೆ ಫೋನ್ ಮಾಡಿದಳು. "ಕಾಕಾ, ನಮ್ಮದು ಅರ್ಧ ಬಾಟಲಿ ಎಣ್ಣಿ ಉಳದೈತ್ರಿ. ಬಾಜೂ ಮನಿ ನಾಯಿಗೂ ಮೊಲಿಯಾಗ ಗಂಟ ಬಂದೈತಿ, ಕೊಡ್ಲೇನ್ರಿ?"

"ಗಂಟು ಎಷ್ಟೈತಿ?"

"ಕಡ್ಲಿಕಾಳಿನಷ್ಟು."

"ಎಣ್ಣಿ ಅಲ್ಲೇ ಇರ್ಲಿ. ನಾಯಿ ಕರ್ಕೊಂಡ ಬಾ."

ಮರುದಿನ ಬೆಳಿಗ್ಗೆ ಎರಡೂ ಮನೆಯವರು ಕೂಡಿಯೇ ಬಂದರು. ಗಂಟು ಚರ್ಮದಡಿ ಇನ್ನೂ ಸರಿದಾಡುತ್ತಿತ್ತು, ಪುಪ್ಪುಸದ ಎಕ್ಸ್‌ರೇ ಶುದ್ಧವಾಗಿತ್ತು. ಆ ಮೊಲೆಯನ್ನು ಗಂಟಿನ ಸಮೇತ ತೆಗೆದು, ಅದೇ ಹೊತ್ತಿಗೆ ಗರ್ಭಚೀಲವನ್ನೂ ತೆಗೆದೆ. ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದಾಗ ಆ ನಾಯಿ ಮೇಜಿನಿಂದ ತಾನೇ ಜಿಗಿದು ಬಾಗಿಲಿಗೆ ಓಡಿತು.